ವ್ಯಾಲ್ಯುಯರ್ ಬಂದು ಹೋದರು, ರಿಪೋರ್ಟ್ ಬರಲಿಲ್ಲ

ಪ್ರಶ್ನೆ: ಶಿವಮೊಗ್ಗದಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಗೃಹಸಾಲಕ್ಕೆ ಅರ್ಜಿ ಹಾಕಿದ್ದೇವೆ. ಬ್ಯಾಂಕ್ ಕಳಿಸಿದ ವ್ಯಾಲ್ಯುಯರ್ (ಮನೆಗೆ ಬೆಲೆ ಕಟ್ಟುವವರು) ಬಂದು ಅಳತೆ ತೆಗೆದುಕೊಂಡು ಹೋಗಿ ಹದಿನೈದು ದಿನವಾಯಿತು. ಬ್ರಾಂಚ್‌ನಲ್ಲಿ ಕೇಳಿದರೆ ‘ರಿಪೋರ್ಟ್ ಬಂದಿಲ್ಲ’ ಎನ್ನುತ್ತಾರೆ. ಕರಾರಿನ ಗಡುವು ಹತ್ತಿರವಾಗುತ್ತಿದೆ. ಬೇಗ ಮಾಡಿಸಲು ದಾರಿ ಉಂಟೆ?

ಉತ್ತರ: ಮನೆ ನೋಡಿ ಅಳೆಯುವ ಕೆಲಸ ಅರ್ಧ, ಹೆಚ್ಚೆಂದರೆ ಮುಕ್ಕಾಲು ಗಂಟೆಯದು. ದಿನ ಹಿಡಿಯುವುದು ಆಮೇಲೆ, ಅಳೆದದ್ದಕ್ಕೂ ಕಾಗದದಲ್ಲಿರುವುದಕ್ಕೂ ತಾಳೆಯಾಗದಾಗ. ಆದ್ದರಿಂದ ‘ಯಾವಾಗ ಬರುತ್ತೆ’ ಎಂದು ಕೇಳುವುದನ್ನು ಬಿಡಿ. ‘ಯಾವ ಕಾಗದಕ್ಕೆ ಕಾಯುತ್ತಿದ್ದಾರೆ, ಯಾವುದು ತಾಳೆಯಾಗಿಲ್ಲ’ ಎಂದು ಕೇಳಿ. ಎಷ್ಟೋ ಸಲ ವ್ಯಾಲ್ಯುಯರ್ ಒಂದು ನಕಲು ಬೇಕೆಂದು ಬ್ರಾಂಚ್‌ಗೆ ಬರೆದಿರುತ್ತಾರೆ, ಅದು ನಿಮಗೆ ತಲುಪಿಯೇ ಇರುವುದಿಲ್ಲ.

ಹಳೆಯ ಮನೆಗಳಲ್ಲಿ ಹೆಚ್ಚಾಗಿ ತೊಡರುವುದು ಚೆಕ್ಕುಬಂದಿ, ಅಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಗಡಿಯ ವಿವರ. ಮೂವತ್ತು ವರ್ಷದ ಹಿಂದಿನ ಕ್ರಯಪತ್ರದಲ್ಲಿ ‘ಪೂರ್ವಕ್ಕೆ ಇಂಥವರ ಖಾಲಿ ನಿವೇಶನ, ದಕ್ಷಿಣಕ್ಕೆ ಓಣಿ’ ಎಂದಿರುತ್ತದೆ. ಈಗ ಅಲ್ಲಿ ಇಂಥವರೂ ಇಲ್ಲ, ಖಾಲಿಯೂ ಇಲ್ಲ, ಓಣಿ ಕಾಂಕ್ರೀಟ್ ರಸ್ತೆಯಾಗಿದೆ. ಇದೇ ಆ ಸ್ವತ್ತು ಎಂದು ಸಹಿ ಹಾಕಬೇಕಾದವರು ವ್ಯಾಲ್ಯುಯರ್. ಗುರುತು ಸಿಗದಿದ್ದರೆ ಅವರು ಬರೆಯುವುದಿಲ್ಲ, ಬರೆಯಲೂಬಾರದು. ಬಡಾವಣೆಯ ನಕ್ಷೆಯ ಪ್ರತಿ ತಂದು, ನಿಮ್ಮ ನಿವೇಶನಕ್ಕೆ ಗುರುತು ಹಾಕಿ, ನಾಲ್ಕೂ ದಿಕ್ಕಿನ ಈಗಿನ ಮನೆ ನಂಬರ್ ಬರೆದು ಕೊಡಿ. ಬಹುಪಾಲು ಪ್ರಕರಣ ಇಷ್ಟಕ್ಕೇ ಬಗೆಹರಿಯುತ್ತದೆ. ದಿಕ್ಕೇ ಅದಲುಬದಲಾಗಿದ್ದರೆ ಮಾತ್ರ ತಿದ್ದುಪಡಿ ಪತ್ರ ಬೇಕು. ಹಿಂದಿನ ಮಾರಾಟಗಾರರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಬೇಕಾಗುವುದರಿಂದ ಅದನ್ನು ಇವತ್ತೇ ಶುರುಮಾಡಿ, ಕರಾರಿನ ಗಡುವನ್ನೂ ಬರವಣಿಗೆಯಲ್ಲಿ ಮುಂದಕ್ಕೆ ಹಾಕಿಸಿಕೊಳ್ಳಿ.

ಎರಡನೆಯದು ಅಳತೆ. ಕ್ರಯಪತ್ರ ಅಡಿಯಲ್ಲಿ, ಇ-ಖಾತೆ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಚದರ ಮೀಟರಿನಲ್ಲಿ. 30×40 ನಿವೇಶನ ಎಂದರೆ 1,200 ಚದರಡಿ, ಅಂದರೆ 111.48 ಚದರ ಮೀಟರ್. ಖಾತೆಯಲ್ಲಿ 108 ಎಂದಿದ್ದರೆ ಅದು 1,162 ಚದರಡಿ ಆಯಿತು. 38 ಚದರಡಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ಇಂಥಲ್ಲಿ ಚಿಕ್ಕ ಅಂಕಿಯನ್ನೇ ಹಿಡಿಯುವುದು ರೂಢಿ. ಸಾಲಕ್ಕೆ ಅದು ಸಾಲುವಂತಿದ್ದರೆ ಒಪ್ಪಿ ಮುಂದೆ ಸಾಗಿ, ಖಾತೆ ತಿದ್ದಿಸುವುದು ಆಮೇಲೆ ಆಗಲಿ.

ಇನ್ನೂ ಅರ್ಜಿ ಹಾಕದವರಿಗೆ ಒಂದು ಮಾತು. ಕ್ರಯಪತ್ರ, ಖಾತೆ, ಈ ಸಾಲಿನ ಕಂದಾಯ ರಸೀದಿ, ಮಂಜೂರಾದ ನಕ್ಷೆ, ಕರಾರು ಪತ್ರ, ಜಾಗ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ, ಇವಿಷ್ಟನ್ನೂ ಮೊದಲ ದಿನವೇ ಕೊಡಿ. ನಕ್ಷೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಿದರೆ ಮಡಿಕೆಯ ಮೇಲಿನ ಅಳತೆಗಳು ಓದಲು ಬರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪೂರ್ತಿ ಹಾಳೆ ಸ್ಕ್ಯಾನ್ ಮಾಡಿಸಿ. ಇಸಿ (ಸ್ವತ್ತಿನ ಮೇಲಿನ ಋಣಭಾರ ತೋರಿಸುವ ಪತ್ರ) ನೋಡುವುದು ಬ್ಯಾಂಕಿನ ವಕೀಲರ ಕೆಲಸ, ಅದಕ್ಕಾಗಿ ವ್ಯಾಲ್ಯುಯರ್ ಭೇಟಿ ನಿಲ್ಲಬೇಕಿಲ್ಲ. ಎರಡೂ ಒಟ್ಟಿಗೆ ನಡೆಯಲಿ ಎಂದು ಮ್ಯಾನೇಜರಿಗೆ ಹೇಳಿ.

ಪ್ರಶ್ನೆ: ವ್ಯಾಲ್ಯುಯರ್ ಬರುವ ಮೊದಲು ಸುಣ್ಣಬಣ್ಣ ಮಾಡಿಸಬೇಕೆ? ಮಹಡಿ ಮೇಲೆ ನಕ್ಷೆಯಲ್ಲಿಲ್ಲದ ಒಂದು ಕೋಣೆಯಿದೆ. ಬೀಗ ಹಾಕಿಟ್ಟರೆ ನಡೆಯುತ್ತದೆಯೇ?

ಉತ್ತರ: ಬಣ್ಣಕ್ಕೆ ದುಡ್ಡು ಹಾಕಬೇಡಿ, ಅದರಿಂದ ಬೆಲೆ ಏರುವುದು ಅಷ್ಟಕ್ಕಷ್ಟೆ. ಸೋರಿಕೆಯ ಕಲೆ, ತೊಲೆಯ ಬಿರುಕು ಇದ್ದರೆ ರಿಪೇರಿ ಮಾಡಿಸಿ. ಮೇಲೆ ಬಣ್ಣ ಬಳಿದು ಮುಚ್ಚಿದರೆ ಅನುಮಾನ ಹೆಚ್ಚುತ್ತದೆ.

ಬೀಗವಂತೂ ಬೇಡವೇ ಬೇಡ. ಬೀಗ ಹಾಕಿದ ಕೋಣೆ ಎಂದರೆ ಎರಡನೇ ಭೇಟಿ, ಅಲ್ಲಿಗೆ ಮತ್ತೆ ವಾರ. ಕೋಣೆಯನ್ನು ತೋರಿಸಿ, ನಕ್ಷೆಯಲ್ಲಿಲ್ಲ ಎಂದು ನೀವೇ ಹೇಳಿ. ಸಾಮಾನ್ಯವಾಗಿ ಅದಕ್ಕೆ ಬೆಲೆ ಕಟ್ಟದೆ ಉಳಿದದ್ದಕ್ಕೆ ಮಾತ್ರ ಕಟ್ಟುತ್ತಾರೆ. ಇಡೀ ಮಹಡಿಯೇ ಅನುಮತಿಯಿಲ್ಲದ್ದಾದರೆ ಬ್ಯಾಂಕ್ ಸಾಲವನ್ನೇ ನಿರಾಕರಿಸಬಹುದು. ಭೇಟಿಯ ದಿನ ಮೆಟ್ಟಿಲ ಕೆಳಗಿನ ಸಾಮಾನು ಸರಿಸಿ, ಹಿತ್ತಿಲ ಕಡೆಯ ಸೆಟ್‌ಬ್ಯಾಕ್‌ಗೆ (ಗಡಿಗೂ ಗೋಡೆಗೂ ನಡುವೆ ಬಿಟ್ಟ ಜಾಗ) ಟೇಪ್ ಹಿಡಿಯಲು ದಾರಿ ಬಿಡಿಸಿ, ನಾಯಿಯನ್ನು ಕಟ್ಟಿಹಾಕಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೈಸೂರಿನ ಮನೆಯ ಮೇಲೆ ಸಾಲ ಬೇಕು. ಮನೆಯಲ್ಲಿ ಬಾಡಿಗೆಯವರಿದ್ದಾರೆ. ಅಲ್ಲಿಯೇ ಒಬ್ಬ ಖಾಸಗಿ ವ್ಯಾಲ್ಯುಯರ್ ಕೈಲಿ ಮೊದಲೇ ರಿಪೋರ್ಟ್ ಮಾಡಿಸಿಟ್ಟರೆ ಸಮಯ ಉಳಿಯುವುದೆ?

ಉತ್ತರ: ಉಳಿಯದು. ಬ್ಯಾಂಕ್ ತನ್ನ ಪಟ್ಟಿಯಲ್ಲಿರುವ ವ್ಯಾಲ್ಯುಯರ್ ವರದಿಯನ್ನಷ್ಟೇ ಒಪ್ಪುತ್ತದೆ. ನಿಮ್ಮ ಕೆಲಸ ನಿಲ್ಲುವುದು ಬಾಗಿಲಲ್ಲಿ, ತೆರೆದು ತೋರಿಸುವವರಿಲ್ಲದೆ. ಊರಲ್ಲಿರುವ ಒಬ್ಬರ ಹೆಸರು, ಮೊಬೈಲ್ ನಂಬರ್ ಅರ್ಜಿಯ ಜೊತೆಗೇ ಕೊಡಿ. ವಿದೇಶದ ನಂಬರಿಗೆ ವ್ಯಾಲ್ಯುಯರ್ ಕರೆ ಮಾಡುತ್ತಾ ಕೂರುವುದಿಲ್ಲ. ಬಾಡಿಗೆಯವರಿಗೆ ದಿನ, ವೇಳೆ ಮೊದಲೇ ತಿಳಿಸಿ, ಒಳಗಿನ ಫೋಟೊ ತೆಗೆಯುತ್ತಾರೆ ಎಂಬುದನ್ನೂ ಹೇಳಿ. ಬಾಡಿಗೆ ಕರಾರಿನ ನಕಲು ಕೈಯಲ್ಲಿರಲಿ. ಯಾರಿದ್ದಾರೆ, ಯಾವ ಆಧಾರದ ಮೇಲೆ ಇದ್ದಾರೆ ಎಂಬುದು ವರದಿಯಲ್ಲಿ ಬರಬೇಕು.

ಪ್ರಶ್ನೆ: ನಮ್ಮ ವರದಿ ಬೇಗ ಬಂತು, ಆದರೆ ಬೆಲೆ ಕಡಿಮೆ ಬಂತು. ಮತ್ತೆ ಮಾಡಿಸಬಹುದೆ?

ಉತ್ತರ: ಮೊದಲು ಲೆಕ್ಕ ನೋಡಿ. ನೆಲಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಸವಕಳಿ (ಹಳೆಯದಾದಂತೆ ಕುಗ್ಗುವ ಬೆಲೆ) ಕಳೆದು ಇನ್ನೊಂದು ಬೆಲೆ ಹಾಕಿರುತ್ತಾರೆ. ಉದಾಹರಣೆಗೆ 1,500 ಚದರಡಿಯ ಆರ್‌ಸಿಸಿ ಮನೆ, ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ 2,000 ರೂಪಾಯಿ ಎಂದು ಹಿಡಿದರೆ 30 ಲಕ್ಷ. ಕಟ್ಟಡಕ್ಕೆ 60 ವರ್ಷ ಆಯಸ್ಸು, ಕೊನೆಗೆ ಉಳಿಯುವ ಬೆಲೆ ಶೇ 10 ಎಂದಿಟ್ಟುಕೊಳ್ಳಿ. ಮನೆಗೆ 20 ವರ್ಷವಾಗಿದ್ದರೆ ಸವಕಳಿ ಶೇ 30. ಕಟ್ಟಡದ ಬೆಲೆ 21 ಲಕ್ಷಕ್ಕೆ ಇಳಿಯಿತು. ನೀವು ಕೊಟ್ಟ ಬೆಲೆಗೆ ಇದು ಹೊಂದುವುದಿಲ್ಲ ಎಂಬುದು ಆಕ್ಷೇಪವಾಗುವುದಿಲ್ಲ. ಕಟ್ಟಡದ ವಯಸ್ಸು ತಪ್ಪಾಗಿದೆ, ಅಳತೆ ತಪ್ಪಾಗಿದೆ, ಪಕ್ಕದ ರಸ್ತೆಯ ದರ ಹಾಕಿದ್ದಾರೆ ಎಂಬುದು ಆಕ್ಷೇಪ. ಅದೇ ರಸ್ತೆಯಲ್ಲಿ ಇತ್ತೀಚೆಗೆ ನೋಂದಣಿಯಾದ ಎರಡು ಮೂರು ಕ್ರಯಪತ್ರಗಳ ನಕಲು ಸೇರಿಸಿ ಮ್ಯಾನೇಜರಿಗೆ ಪತ್ರ ಕೊಡಿ, ವ್ಯಾಲ್ಯುಯರ್‌ಗೆ ನೇರ ಫೋನ್ ಮಾಡಬೇಡಿ.

ಇನ್ನೊಂದು ಲೆಕ್ಕವನ್ನೂ ನೋಡಿಬಿಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 90, 75 ಲಕ್ಷದವರೆಗಿನದು ಶೇ 80, ಅದಕ್ಕೂ ಮೇಲಿನದು ಶೇ 75 ಮೀರುವಂತಿಲ್ಲ. ನಿಮಗೆ ಬೇಕಾದ ಸಾಲ ಈಗ ಬಂದಿರುವ ಬೆಲೆಯಲ್ಲೇ ಸಿಗುವುದಾದರೆ ಮರುಮೌಲ್ಯಮಾಪನದ ಶುಲ್ಕವೂ ಉಳಿಯಿತು, ದಿನವೂ ಉಳಿಯಿತು.