ಸತ್ತವರ ಖಾತೆಗೆ ಬರುವ ದುಡ್ಡು ನಿಂತರೆ ನಿಲ್ಲಲಿ, ಮೊದಲು ಪೌತಿ ಖಾತೆ ಮಾಡಿಸಿ

ನಿಮ್ಮ ಪ್ರಶ್ನೆಯ ಎರಡು ಸಾಲು ಓದುವಷ್ಟರಲ್ಲೇ ಎದೆ ಧಸಕ್ ಎಂದಿತು. ಭಾವ ತೀರಿಕೊಂಡು ಎಂಟು ತಿಂಗಳು, ಎರಡು ಚಿಕ್ಕ ಮಕ್ಕಳು, ಎರಡು ಎಕರೆ ಹೊಲ. ಭಾವನ ಖಾತೆಗೆ ಪಿಎಂ ಕಿಸಾನ್ ಹಣ ಇನ್ನೂ ಬೀಳುತ್ತಿದೆ, ಅಕ್ಕ ಅದನ್ನು ತೆಗೆದು ಮನೆ ನಡೆಸುತ್ತಿದ್ದಾರೆ, ಮರಣ ಪತ್ರ ಮಾಡಿಸಿಲ್ಲ. ಸರ್ಕಾರದ ಹಣ ನೆಚ್ಚಿಕೊಂಡು ಬೇಸಾಯ ಮಾಡಿದರೆ ಸಾಕಾಗುತ್ತಾ, ಇಲ್ಲ ಅಕ್ಕನನ್ನು ಬೆಂಗಳೂರಿಗೆ ಕರೆಸಿ ಗಾರ್ಮೆಂಟ್ಸ್‌ಗೆ ಸೇರಿಸಲಾ ಎಂದು ಕೇಳಿದ್ದೀರಿ. ನಾನೂ ಹೀಗೇ ಇದ್ದೆ.

ನಮ್ಮದು ತುಮಕೂರು ಜಿಲ್ಲೆ, ತುರುವೇಕೆರೆ ಕಡೆ. ಮೂರು ಎಕರೆ ಮಳೆ ನಂಬಿದ ಹೊಲ, ರಾಗಿ, ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಸೀಮೆಹಸು, ಅದರ ಕರು. ಯಜಮಾನರು 2020ರ ಫೆಬ್ರವರಿಯಲ್ಲಿ ಕಾಮಾಲೆಯಾಗಿ ಹೋದರು. ಮಗಳಿಗೆ ಒಂಬತ್ತು, ಮಗನಿಗೆ ಐದು. ತಿಥಿ ಮುಗಿದು ತಿಂಗಳೂ ಆಗಿರಲಿಲ್ಲ, ಲಾಕ್‌ಡೌನ್ ಬಂತು. ಕೂಲಿ ಇಲ್ಲ, ಸಂತೆ ಇಲ್ಲ. ಏಪ್ರಿಲ್‌ನಲ್ಲಿ ಅವರ ಫೋನಿಗೆ ಮೆಸೇಜ್ ಬಂತು, 2,000 ರೂಪಾಯಿ ಜಮೆ. ಹೋದವರೇ ಕಳಿಸಿದ ಹಾಗೆ ಅನಿಸಿತು. ಎಟಿಎಂ ನಂಬರ್ ನನಗೆ ಗೊತ್ತಿತ್ತು. ತೆಗೆದೆ.

ನನ್ನ ತಪ್ಪು ಶುರುವಾದದ್ದು ಅಲ್ಲಿಂದ. ಹಸಿದ ಮಕ್ಕಳಿಗೆ ಆ ಹಣ ಬಳಸಿದ್ದಕ್ಕೆ ನಾನು ಇವತ್ತಿಗೂ ನಾಚುವುದಿಲ್ಲ. ತಪ್ಪಾದದ್ದು ಆಮೇಲೆ ನನ್ನ ತಲೆಯೊಳಗೆ ಕೂತ ಲೆಕ್ಕದಿಂದ. ಅವರು ಸತ್ತದ್ದು ಆಫೀಸಿನವರಿಗೆ ಗೊತ್ತಾದರೆ ಈ ದುಡ್ಡು ನಿಲ್ಲುತ್ತದೆ, ಗೊತ್ತಾಗದಿದ್ದರೆ ಬರುತ್ತಲೇ ಇರುತ್ತದೆ. ಆಗ ಕೇಂದ್ರದ್ದು ವರ್ಷಕ್ಕೆ 6,000, ರಾಜ್ಯ ಸೇರಿಸುತ್ತಿದ್ದದ್ದು 4,000. ವರ್ಷಕ್ಕೆ 10,000 ಅಂದರೆ ನಮ್ಮಂಥವರಿಗೆ ಸಣ್ಣ ಮೊತ್ತ ಅಲ್ಲ. ಹಾಗಾಗಿ ಮರಣ ನೋಂದಣಿಗೆ ಹೋಗಲಿಲ್ಲ. ಮರಣ ಪತ್ರ ಇಲ್ಲದೆ ವಿಧವಾ ವೇತನಕ್ಕೆ ಅರ್ಜಿ ಹಾಕಲು ಆಗಲಿಲ್ಲ. ವಂಶವೃಕ್ಷ ಇಲ್ಲ, ಪೌತಿ ಖಾತೆ ಇಲ್ಲ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಆಗಲಿಲ್ಲ. ಪಹಣಿಯಲ್ಲಿ ಅವರ ಹೆಸರೇ ಉಳಿಯಿತು. ಪಹಣಿ ನನ್ನ ಹೆಸರಿಗೆ ಬಾರದೆ ರೈತ ಸಂಪರ್ಕ ಕೇಂದ್ರದಲ್ಲಿ ನನಗೆ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್, ಆಗಲಿಲ್ಲ. ಒಂದಕ್ಕೊಂದು ಕೊಂಡಿ. ಮೊದಲ ಕೊಂಡಿಯನ್ನು ನಾನೇ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ಊರಿನ ಗ್ರಾಮ ಲೆಕ್ಕಿಗರು, ಅಂದರೆ ವಿಎ, ಬೀದಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಇನ್ನೊಂದು ದಾರಿ ಹಿಡಿಯುತ್ತಿದ್ದೆ. ನಮ್ಮ ಅತ್ತೆ ಎರಡು ಸಲ ಹೇಳಿದರು, “ಖಾತೆ ಮಾಡ್ಸಮ್ಮ, ನಾನೂ ಇವತ್ತೋ ನಾಳೆಯೋ.” ಹೊಲ ಎಲ್ಲಿಗೆ ಹೋಗುತ್ತೆ ಬಿಡಿ ಅತ್ತೆ ಅಂದೆ.

ಹೊಲ ಎಲ್ಲೂ ಹೋಗಲಿಲ್ಲ, ನಿಜ. ದುಡ್ಡು ಹೋಯಿತು. ಮೊದಲ ವರ್ಷ ರಾಗಿ ಚೆನ್ನಾಗಿಯೇ ಆಯಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 3,295 ಇತ್ತು. ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಲು ಎಫ್‌ಐಡಿ ಬೇಕು. ನನ್ನ ಹತ್ತಿರ ಇಲ್ಲವಲ್ಲ. ಊಟಕ್ಕೆ ಇಟ್ಟುಕೊಂಡು ಮಿಕ್ಕ ಎಂಟು ಕ್ವಿಂಟಲ್ ವ್ಯಾಪಾರಿಗೆ ಎರಡು ಸಾವಿರದ ಆಸುಪಾಸಿಗೆ ಕೊಟ್ಟೆ. ಹತ್ತು ಸಾವಿರ ಅಲ್ಲೇ ಹೋಯಿತು.

2021ರ ನವೆಂಬರ್ ಮಳೆ ನಿಮಗೂ ನೆನಪಿರಬೇಕು. ಕೊಯ್ದು ಅರಿ ಹಾಕಿದ್ದ ರಾಗಿ ಹೊಲದಲ್ಲೇ ನೆನೆಯಿತು. ತೆನೆಯಲ್ಲೇ ಮೊಳಕೆ ಬಂತು. ಹುಲ್ಲು ಕೊಳೆತು ಹಸುವೂ ಮೂಸಲಿಲ್ಲ. ಆಗ ಸರ್ಕಾರ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 13,600 ಪರಿಹಾರ ಎಂದಿತು. ನಮ್ಮ ಮೂರು ಎಕರೆಗೆ ಹದಿನಾರು ಸಾವಿರದ ಮೇಲೆ ಆಗುತ್ತಿತ್ತು. ಬೆಳೆ ಹಾನಿ ನೋಡಲು ವಿಎ ಬಂದರು. ಪಟ್ಟಿ ತೆಗೆದು ಯಜಮಾನರ ಹೆಸರು ಕೂಗಿದರು. ನಾನು ಬದುವಿನ ಮೇಲೆ ನಿಂತಿದ್ದೆ. ಮಗ ಪಕ್ಕದಲ್ಲೇ ಇದ್ದ. “ನಮ್ಮಪ್ಪ ಸತ್ತು ಹೋಗವ್ರೆ” ಎಂದ. ಆ ಮನುಷ್ಯ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತು, “ಏನಮ್ಮಾ, ಸತ್ತವರ ಹೆಸರಿಗೆ ನಾನು ಹೇಗೆ ಪರಿಹಾರ ಹಾಕಲಿ? ಮೊದಲೇ ಬಂದು ಹೇಳಬಾರದಿತ್ತಾ?” ಎಂದರು.

ಆ ಹೊತ್ತಿಗೆ ಒಂದು ವರ್ಷ ಒಂಬತ್ತು ತಿಂಗಳು ಆಗಿತ್ತು. ಸಾವನ್ನು 21 ದಿನದೊಳಗೆ ಬರೆಸಬೇಕು. ತಪ್ಪಿದರೆ ವರ್ಷ ತುಂಬುವವರೆಗೆ ಅಫಿಡವಿಟ್, ಅನುಮತಿ, ತಡ ಶುಲ್ಕದಲ್ಲಿ ಆಗುತ್ತದೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ತಾಲ್ಲೂಕಿಗೆ ಎಷ್ಟು ಸಲ ಅಲೆದೆನೋ. ಹೋದ ಪ್ರತಿ ದಿನವೂ ಒಂದು ದಿನದ ಕೂಲಿ ಕಳೆದುಕೊಂಡೆ. ಅವರು ಹೋದ ಮೇಲೆ ಬಂದ ಕೇಂದ್ರದ ಆರು ಕಂತು, 12,000, ತಿರುಗಿ ಕಟ್ಟಬೇಕಾಯಿತು. ಕೈಯಲ್ಲಿ ಇರಲಿಲ್ಲ. ಆ ಕರು ಅಷ್ಟರಲ್ಲಿ ಕಡಸಾಗಿ ಗಬ್ಬ ಕಟ್ಟಿತ್ತು. ಇನ್ನು ಎರಡು ತಿಂಗಳಿಗೆ ಈಯುವುದಿತ್ತು. ಅದನ್ನು ಮಾರಿದೆ. ಟೆಂಪೋ ಹತ್ತಿಸುವಾಗ ಮಗಳು ಅತ್ತ ಹಾಗೆ ಅವರಪ್ಪ ಹೋದಾಗಲೂ ಅತ್ತಿರಲಿಲ್ಲ.

ಬಾರದೆ ಹೋದ ವಿಧವಾ ವೇತನವೂ ಇದೆ. ಆಗ ತಿಂಗಳಿಗೆ 600, 2021ರಲ್ಲಿ 800 ಆಯಿತು. ಎರಡು ವರ್ಷಕ್ಕೆ ಮೇಲೆ ಅದನ್ನು ಬಿಟ್ಟದ್ದು ಸುಮಾರು 17,000. ಹಿಂದಿನದ್ದು ಸೇರಿಸಿ ಯಾರೂ ಕೊಡುವುದಿಲ್ಲ. ಬರುತ್ತಿದ್ದ 2,000 ನಿಂತೀತು ಎಂಬ ಹೆದರಿಕೆಗೆ ನಾನು ಕಳೆದುಕೊಂಡದ್ದು ನಲವತ್ತು ಸಾವಿರ ದಾಟುತ್ತದೆ. ಕಡಸಿನ ಹಾಲಿನ ಲೆಕ್ಕ ಹಾಕಿಲ್ಲ, ಹಾಕಲು ಮನಸ್ಸಿಲ್ಲ.

ಇನ್ನೊಂದು ವಿಷಯ, ಇದನ್ನು ನಿಮ್ಮ ಅಕ್ಕನಿಗೆ ಒತ್ತಿ ಹೇಳಿ. ಪೌತಿ ಖಾತೆ ಆದ ಮೇಲೆ ಆ ಹಣ ನಿಂತೇ ಹೋಗುವುದಿಲ್ಲ. 2019ರ ಫೆಬ್ರವರಿ ಒಂದನೇ ತಾರೀಕು ಆದ ಮೇಲೆ ಹೊಲ ಕೊಂಡವರಿಗೆ ಪಿಎಂ ಕಿಸಾನ್ ಇಲ್ಲ. ಆದರೆ ಮನೆಯವರು ಸತ್ತು ವಾರಸಿನಿಂದ ಬಂದ ಹೊಲಕ್ಕೆ ಆ ಗಡಿ ಇಲ್ಲ. ಅಕ್ಕ ತಮ್ಮ ಹೆಸರಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. ಇಷ್ಟು ಸಣ್ಣ ಮಾತು ನನಗೆ ಆಗ ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ನಮ್ಮ ಖಾತೆ 2022ರಲ್ಲಿ ಆಯಿತು. ನನ್ನದು, ಮಕ್ಕಳಿಬ್ಬರದು, ಅತ್ತೆಯದು, ನಾಲ್ಕೂ ಹೆಸರು. ಸತ್ತವರ ತಾಯಿಗೂ ಸಮಪಾಲು ಇದೆ, ನಿಮ್ಮ ಅಕ್ಕನ ಅತ್ತೆ ಇದ್ದರೆ ಅವರ ಹೆಸರು ಬಿಡಿಸುವ ಯೋಚನೆ ಮಾಡಬೇಡಿ. 2023ರಲ್ಲಿ ಬರ ಬಿತ್ತು, 223 ತಾಲ್ಲೂಕು ಬರಪೀಡಿತ ಅಂದರು, ನಮ್ಮದೂ ಅದರಲ್ಲಿ. ಮೊದಲು 2,000, 2024ರ ಮೇ ತಿಂಗಳಲ್ಲಿ ಉಳಿದದ್ದು, ನೇರ ನನ್ನ ಖಾತೆಗೆ ಬಂತು. ಯಾರನ್ನೂ ಕೇಳಲು ಹೋಗಲಿಲ್ಲ.

“ಸಾಕಾಗುತ್ತಾ” ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಅದನ್ನು ಹಿಡಿದು ಯೋಚಿಸಿದರೆ ಈ ಹಣ ಏನು ಮಾಡುತ್ತದೆ ಅನ್ನುವುದೇ ಕಾಣುವುದಿಲ್ಲ. ಮೊದಲು ಜುಲೈ-ಆಗಸ್ಟ್‌ನಲ್ಲಿ ನನ್ನ ರಾಗಿಗೆ ಕಳೆ ಕೀಳುವ ಹೊತ್ತಲ್ಲೇ ನಾನು ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ. ವಾರದ ಸಂತೆಗೆ ದುಡ್ಡು ಬೇಕಿತ್ತು. ನನ್ನ ಹೊಲ ಕಾಯುತ್ತಿತ್ತು, ಕಳೆ ಕಾಯುತ್ತಿರಲಿಲ್ಲ. ಎರಡು ಕೈ ಇದ್ದ ಮನೆಯಲ್ಲಿ ಒಬ್ಬರು ಕೂಲಿಗೆ, ಒಬ್ಬರು ಹೊಲಕ್ಕೆ. ಒಬ್ಬಳೇ ಆದಾಗ ಎರಡರಲ್ಲಿ ಒಂದು ಕೆಡುತ್ತದೆ. ಈಗ ಗೃಹಲಕ್ಷ್ಮಿ 2,000, ವೇತನ 800 ಇರುವುದರಿಂದ ಆ ಹದಿನೈದು ದಿನ ನಾನು ನನ್ನ ಹೊಲದಲ್ಲೇ ಇರುತ್ತೇನೆ. ಸರ್ಕಾರದ ದುಡ್ಡು ಜನರನ್ನು ಸೋಮಾರಿ ಮಾಡುತ್ತದೆ ಎಂದು ನಿಮ್ಮ ಸಂಬಂಧಿಕರು ಹೇಳುತ್ತಾರಂತೆ. ಅವರನ್ನು ಆ ಹದಿನೈದು ದಿನ ನಮ್ಮ ಹೊಲಕ್ಕೆ ಕಳಿಸಿ.

ಆದರೆ ಈ ಹಣ ಹೇಳಿದ ದಿನಕ್ಕೆ ಬರುವುದಿಲ್ಲ. ಎರಡು ಮೂರು ತಿಂಗಳು ನಿಂತು ಒಟ್ಟಿಗೆ ಬಂದದ್ದಿದೆ. ಡೈರಿ ಹಾಲಿನ ಲೀಟರ್‌ಗೆ ಐದು ರೂಪಾಯಿ ಪ್ರೋತ್ಸಾಹ ಧನವೂ ಹಾಗೇ. ಇದನ್ನು ನೆಚ್ಚಿ ಸಂಘದ ಸಾಲದ ಕಂತು ಒಪ್ಪಿಕೊಳ್ಳಲು ಬಿಡಬೇಡಿ.

ಗೃಹಲಕ್ಷ್ಮಿ ಅತ್ತೆಯ ಖಾತೆಗೆ ಹೋಗುತ್ತದೆ, ರೇಷನ್ ಕಾರ್ಡ್ ಬೇರೆ ಮಾಡಿಸಲಾ ಎಂದೂ ಕೇಳಿದ್ದೀರಿ. ಬೇಡ. ನಮ್ಮ ಮನೆಯಲ್ಲೂ ಕಾರ್ಡಿನ ಯಜಮಾನಿ ಅತ್ತೆಯೇ. ಮೊದಮೊದಲು ನನಗೂ ಹೊಟ್ಟೆ ಉರಿಯುತ್ತಿತ್ತು. ಅವರು ಎಲೆ ಅಡಿಕೆಗೆ ಸ್ವಲ್ಪ ಇಟ್ಟುಕೊಳ್ಳುತ್ತಾರೆ, ಮಿಕ್ಕದ್ದು ನನ್ನ ಕೈಗೆ, ಇಲ್ಲ ಮಕ್ಕಳ ಪುಸ್ತಕಕ್ಕೆ. ಮಕ್ಕಳನ್ನು ನೋಡಿಕೊಳ್ಳಲು ಅವರಿರುವುದಕ್ಕೇ ನಾನು ಬೆಳಿಗ್ಗೆ ಆರಕ್ಕೆ ಹೊಲದಲ್ಲಿರುತ್ತೇನೆ. ಎರಡು ಸಾವಿರಕ್ಕೆ ಒಲೆ ಎರಡು ಮಾಡಬೇಡಿ. ಅತ್ತೆ ಹೊಡೆದು ಬಡಿದು ಮಾಡುವವರಾದರೆ ಮಾತು ಬೇರೆ, ನೀವು ಹಾಗೆ ಬರೆದಿಲ್ಲ.

ಗಾರ್ಮೆಂಟ್ಸ್ ವಿಷಯ ಖಾತೆ ಆಗುವವರೆಗೆ ಎತ್ತಲೇಬೇಡಿ. ಊರು ಬಿಟ್ಟ ಹೆಂಗಸಿನ ಅರ್ಜಿ ಹಿಂದೆ ಯಾರು ಓಡಾಡುತ್ತಾರೆ ಹೇಳಿ?

ವರ್ಷ ತುಂಬಲು ನಿಮಗೆ ಇನ್ನು ನಾಲ್ಕು ತಿಂಗಳಿದೆ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ, ಅಕ್ಕನನ್ನು ಒಬ್ಬರನ್ನೇ ಕಳಿಸಬೇಡಿ. ಭಾವನ ಎಟಿಎಂ ಕಾರ್ಡ್ ಇಸಿದುಕೊಳ್ಳಿ, ಅವರು ಹೋದ ಮೇಲೆ ಬಂದ ಕಂತಿನಷ್ಟು ಹಣ ಎತ್ತಿಡಿ, ತಿರುಗಿ ಕೇಳುತ್ತಾರೆ. ಮರಣ ಪತ್ರ ಕೈಗೆ ಬಂದ ದಿನವೇ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೂ ವಂಶವೃಕ್ಷಕ್ಕೂ ಅರ್ಜಿ ಕೊಡಿ. ಈಗ ಕಂದಾಯ ಇಲಾಖೆಯವರೇ ಇ-ಪೌತಿ ಆಂದೋಲನ ಮಾಡುತ್ತಿದ್ದಾರೆ, ವಿಎ ಹತ್ತಿರ ಕೇಳಿ. ಯಾವ ಕಾಗದ ಎಲ್ಲಿ ಸಿಗುತ್ತದೆ ಗೊತ್ತಾಗದಿದ್ದರೆ ಇಲ್ಲೇ ಬರೆಯಿರಿ. ಡೈರಿಗೆ ಹಾಲು ಹಾಕಿ ಬಂದು ಏಳು ಗಂಟೆ ಮೇಲೆ ನೋಡುತ್ತೇನೆ.