ಒಂಬತ್ತರಲ್ಲಿ ಒಂದು ಪಾಲು ಮೂರರಲ್ಲಿ ಒಂದಾದ ಬಗೆ

"ಕಾನೂನು ಮಾಡುವುದು ಶಾಸಕಾಂಗ, ನ್ಯಾಯಾಂಗದ್ದು ಅದನ್ನು ಅನ್ವಯಿಸುವ ಕೆಲಸ ಮಾತ್ರ ಅಂತ ಶಾಲೆಯಲ್ಲಿ ಓದಿದ್ದೆವು. ಕೋರ್ಟುಗಳೂ ಕಾನೂನು ಮಾಡುತ್ತವೆ ಅಂತಾರಲ್ಲ, ನಿಜವೇ? ಅದು ಸರಿಯೇ?" ಅಂತ ಕೇಳಿದ್ದೀರಿ. ನಿಜ. ಸರಿಯೇ ಅನ್ನುವುದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಲು ವಿಭಾಗದ ದಾವೆಗಳನ್ನೇ ಹೆಚ್ಚಾಗಿ ನಡೆಸಿಕೊಂಡು ಬಂದವನು ನಾನು. ಹಾಗಾಗಿ ಸಂವಿಧಾನ ಪೀಠದ ದೊಡ್ಡ ಕತೆಗಳನ್ನು ಬಿಟ್ಟು, ನನ್ನ ಕಟ್ಟಿನಲ್ಲಿದ್ದ ಒಂದು ಕೇಸಿನಿಂದ ಶುರು ಮಾಡುತ್ತೇನೆ.

2016ರಲ್ಲಿ ಒಬ್ಬ ಹೆಂಗಸು ಬಂದರು. ಬಾಣಸವಾಡಿ ಕಡೆ ಪಿತ್ರಾರ್ಜಿತ ಮನೆ, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. ಇಬ್ಬರು ತಮ್ಮಂದಿರು. ತಾಯಿ ಮೊದಲೇ ಹೋಗಿದ್ದರು, ತಂದೆ 2001ರಲ್ಲಿ ತೀರಿಕೊಂಡಿದ್ದರು. ನೋಂದಣಿಯಾದ ಪಾಲುಪತ್ರ ಯಾವುದೂ ಇರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತಂದೆಯ ಮರಣ ಪ್ರಮಾಣಪತ್ರದ ಜೊತೆ ತಮ್ಮ ಮದುವೆಯ ಲಗ್ನಪತ್ರಿಕೆಯನ್ನೂ ತಂದಿದ್ದರು. 1989ರದ್ದು. ಅದೇ ಅವರಿಗೆ ಮುಳ್ಳಾಗಿತ್ತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು.

ಉಳಿದದ್ದು 2005ರ ಕೇಂದ್ರದ ತಿದ್ದುಪಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಸೆಕ್ಷನ್ನು. ಕೋಪಾರ್ಸನರ್ (ಅಂದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲಿನ ಹಕ್ಕುಳ್ಳವನು) ಆದವನ ಮಗಳು ಮಗನಂತೆಯೇ ಹುಟ್ಟಿನಿಂದ ಕೋಪಾರ್ಸನರ್ ಆಗುತ್ತಾಳೆ ಅನ್ನುತ್ತದೆ ಅದು. ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅವತ್ತಿಗೆ ತಂದೆ ಬದುಕಿರಬೇಕೇ? ಸೆಕ್ಷನ್ನಿನಲ್ಲಿ ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಇವರು ನನ್ನ ಬಳಿ ಬರುವ ಹಿಂದಿನ ವರ್ಷವಷ್ಟೇ, 2015ರಲ್ಲಿ, ಫೂಲವತಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ 'ಬದುಕಿರಬೇಕು' ಅಂದುಬಿಟ್ಟಿತ್ತು.

ಕಾಸ್ ಲಿಸ್ಟಿನ ಹಾಳೆಯೊಂದರ ಹಿಂದೆ, ಆ ತೀರ್ಪಿನ ಪ್ರಕಾರ ಲೆಕ್ಕ ಹಾಕಿ ತೋರಿಸಿದೆ. ತಂದೆ ಸತ್ತ ದಿನ ಒಂದು ವಿಭಾಗ ಆಯಿತು ಅಂತ ಅಂದುಕೊಳ್ಳಬೇಕು. ತಂದೆಗೊಂದು ಪಾಲು, ಗಂಡುಮಕ್ಕಳಿಬ್ಬರಿಗೆ ಒಂದೊಂದು. ತಂದೆಯ ಪಾಲನ್ನಷ್ಟೇ ಮತ್ತೆ ಮೂರು ಮಾಡಿದರೆ ಇವರಿಗೆ ಬರುವುದು ಒಂಬತ್ತರಲ್ಲಿ ಒಂದು. "1/9" ಅಂತ ಬರೆದು ಕೆಳಗೆ ಗೆರೆ ಎಳೆದೆ. ಹಾಳೆ ನಾನೇ ಇಟ್ಟುಕೊಳ್ತೀನಿ ಸಾರ್ ಅಂತ ಮಡಚಿ ಕವರಿಗೆ ಹಾಕಿಕೊಂಡರು. ಆದರೂ ಮೂರರಲ್ಲಿ ಒಂದು ಬೇಕು ಅಂತಲೇ ದಾವೆ ಹಾಕಿದೆವು. ಕೇಳುವುದಕ್ಕೇನು.

2018ರ ಫೆಬ್ರವರಿಯಲ್ಲಿ ದಾನಮ್ಮ ಕೇಸಿನ ತೀರ್ಪು ಬಂತು. ಅದರಲ್ಲಿಯೂ ತಂದೆ ಸತ್ತಿದ್ದು 2001ರಲ್ಲೇ, ಆದರೂ ಹೆಣ್ಣುಮಕ್ಕಳಿಗೆ ಸಮಪಾಲು. ಅದೂ ಇಬ್ಬರದೇ ಪೀಠ. (ಫೂಲವತಿ, ದಾನಮ್ಮ, ಎರಡೂ ನಮ್ಮ ಕರ್ನಾಟಕದಿಂದ ದೆಹಲಿಗೆ ಹೋದ ಕೇಸುಗಳು.) ಆಮೇಲಿನ ಎರಡು ವರ್ಷ ನಮ್ಮ ಕೋರ್ಟ್ ಹಾಲುಗಳಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಅಣ್ಣತಮ್ಮಂದಿರ ಪರ ವಕೀಲರ ಕೈಯಲ್ಲಿ ಒಂದು ಸೈಟೇಷನ್, ಅಕ್ಕತಂಗಿಯರ ಪರದವರ ಕೈಯಲ್ಲಿ ಇನ್ನೊಂದು. ನ್ಯಾಯಾಧೀಶರು ಎರಡನ್ನೂ ತೆಗೆದುಕೊಂಡು ವಾಯಿದೆ ಕೊಡುತ್ತಿದ್ದರು. ಅವರಾದರೂ ಏನು ಮಾಡಿಯಾರು?

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರ ಪೀಠ ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕಾಗಿಲ್ಲ. ಕೊರೊನಾ ಕಾಲ, ಕೋರ್ಟು ಅರೆಬರೆ ನಡೆಯುತ್ತಿತ್ತು. ತೀರ್ಪಿನ ಪಿಡಿಎಫ್ ಮಾತ್ರ ಸಂಜೆಯೊಳಗೆ ವಕೀಲರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ನನ್ನ ಕಕ್ಷಿದಾರರು ಅದೇ ಹಳೇ ಹಾಳೆ ಹಿಡಿದುಕೊಂಡು ಬಂದರು. 1/9 ಹೊಡೆದುಹಾಕಿ ಕೆಳಗೆ 1/3 ಬರೆದೆ.

"ಕಾನೂನು ಬದಲಾಯ್ತಾ ಸಾರ್?"

"ಇಲ್ಲಮ್ಮ. ಕಾನೂನು ಅದೇ. ಒಂದಕ್ಷರ ಬದಲಾಗಿಲ್ಲ."

ಅವರು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಕೋರ್ಟು ಕಾನೂನು ಮಾಡುವುದು ಅಂದರೆ ಬಹುಪಾಲು ಇದೇ. ಶಾಸನದಲ್ಲಿ ಎಲ್ಲವನ್ನೂ ಮೊದಲೇ ಬರೆದಿಡಲು ಆಗುವುದಿಲ್ಲ. ಸಂಸತ್ತಿನಲ್ಲಿ ಕೂತು ಬರೆದವರಿಗೆ ಬಾಣಸವಾಡಿಯ ತಂದೆ 2001ರಲ್ಲೇ ಸತ್ತದ್ದು ಹೊಳೆದಿರುವುದಿಲ್ಲ. ಹೊಳೆಯದೇ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕು, ಯಾಕೆಂದರೆ ಕಾಯ್ದೆ ಸ್ಪಷ್ಟವಿಲ್ಲ ಅಂತ ದಾವೆ ವಾಪಸು ಕಳಿಸುವ ಹಾಗಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕೋರ್ಟಿನಿಂದ ಒಂದು ಕೂಗಿನ ದೂರದಲ್ಲೇ ಇದೆ, ಕಾವೇರಿ ಭವನದಲ್ಲಿ. ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿತ್ತು. ನಮ್ಮ ಮಾತು ಕೇಳದೇ ಹಾಕಿದ್ದಾರೆ ಅಂತ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ಉದ್ಯಮವೇ ಅಲ್ಲ, ನಮಗೆ 1947ರ ಕೈಗಾರಿಕಾ ವಿವಾದ ಕಾಯ್ದೆ ಅನ್ವಯಿಸದು ಅಂತ ಮಂಡಳಿ ತಕರಾರು ತೆಗೆಯಿತು. ಸಣ್ಣ ದಂಡದ ಜಗಳ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ನಿಂತಿತ್ತು. ಕೃಷ್ಣ ಅಯ್ಯರ್ ಅವರು ಬರೆದ ಮುಖ್ಯ ತೀರ್ಪು 'ಉದ್ಯಮ' ಅನ್ನುವ ಒಂದು ಪದವನ್ನು ಎಷ್ಟು ಹಿಗ್ಗಿಸಿತೆಂದರೆ ಆಸ್ಪತ್ರೆ, ಕಾಲೇಜುಗಳೂ ಅದರೊಳಗೆ ಬಂದವು. ಇದು ಅತಿಯಾಯಿತು ಅನ್ನಿಸಿ ಸಂಸತ್ತು 1982ರಲ್ಲಿ ವ್ಯಾಖ್ಯೆಯನ್ನೇ ತಿದ್ದಿತು. ತಿದ್ದಿತು ಅಷ್ಟೆ, ಆ ತಿದ್ದುಪಡಿ ಜಾರಿಗೆ ಬರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಹೊರಡಿಸಲಿಲ್ಲ. ಸಂಸತ್ತು ಬರೆದದ್ದು ಪುಸ್ತಕದಲ್ಲಿ ಉಳಿಯಿತು, ದಶಕಗಟ್ಟಲೆ ನಡೆದದ್ದು ನ್ಯಾಯಾಧೀಶರು ಹೇಳಿದ್ದೇ. ಇದರಲ್ಲಿ ಕೋರ್ಟನ್ನೊಂದೇ ದೂರಿದರೆ ಹೇಗೆ?

ವಿಶಾಖಾ ಕೇಸು ನಿಮಗೆ ಗೊತ್ತೇ ಇರುತ್ತದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಕಾಯ್ದೆ ಬರುವತನಕ ಇವೇ ನಿಯಮ ಅಂತ 1997ರಲ್ಲಿ ಕೋರ್ಟು ಹೇಳಿತು. ಕಾಯ್ದೆ ಬಂದದ್ದು 2013ರಲ್ಲಿ. ಹದಿನಾರು ವರ್ಷ ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಇದ್ದ ಕಾನೂನು ತೀರ್ಪೊಂದೇ. ನನಗೆ ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಕೋರ್ಟು ಟೇಪು ಹಿಡಿದು ಅಳೆಯಲು ಹೊರಟಾಗ. 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದು ಅಂತ ಸುಪ್ರೀಂ ಕೋರ್ಟು ಆದೇಶಿಸಿತು. ಕುಡಿದು ಗಾಡಿ ಓಡಿಸುವುದನ್ನು ತಡೆಯುವ ಉದ್ದೇಶವೇನೋ ಒಳ್ಳೆಯದೇ. ಆದರೆ 2017ರ ಜುಲೈನಲ್ಲಿ ನೋಡಿದರೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳಿಗೂ ಬೀಗ! ಎಂ.ಜಿ. ರಸ್ತೆ ಹೆದ್ದಾರಿ ಅಂತ ಬೆಂಗಳೂರಿನವರಿಗೇ ಅವತ್ತು ಗೊತ್ತಾಯಿತು. ಅಷ್ಟರಲ್ಲಿ ಸಣ್ಣ ಊರುಗಳಿಗೆ ಅಳತೆ 220 ಮೀಟರಿಗೆ ಇಳಿದಿತ್ತು. ಅದೇ ಜುಲೈನಲ್ಲಿ, ನಗರಸಭೆ ವ್ಯಾಪ್ತಿಯ ಅಂಗಡಿಗಳಿಗೆ ತಡೆಯಿಲ್ಲ ಅನ್ನುವ ಸ್ಪಷ್ಟನೆಯೂ ಬಂತು. 500 ಯಾಕೆ, 300 ಯಾಕಲ್ಲ? ಇಂಥದ್ದನ್ನು ಹತ್ತು ಜನರನ್ನು ಕರೆಸಿ, ಕೇಳಿ, ಚೌಕಾಸಿ ಮಾಡಿ ಗೊತ್ತು ಮಾಡಬೇಕು. ಅದು ಸದನದ ಕೆಲಸ. ಸಲಿಂಗ ವಿವಾಹದ ವಿಷಯದಲ್ಲಿ 2023ರಲ್ಲಿ ಇದು ಶಾಸಕಾಂಗಕ್ಕೆ ಬಿಟ್ಟದ್ದು ಅಂದ ಕೋರ್ಟೂ ಇದೇ. ಎಲ್ಲಿ ಕೈ ಹಾಕುತ್ತದೆ, ಎಲ್ಲಿ ಕೈ ಕಟ್ಟಿಕೊಳ್ಳುತ್ತದೆ ಅನ್ನುವುದಕ್ಕೆ ನೇರವಾದ ಗೆರೆ ನನಗಂತೂ ಕಂಡಿಲ್ಲ.

ಇನ್ನೂ ಒಂದಿದೆ. ಶಾಸನಕ್ಕೆ ಒಂದು ತಾರೀಖು ಇರುತ್ತದೆ, ಗೆಜೆಟ್ಟಿನಲ್ಲಿ ಬರುತ್ತದೆ, ಸಾಮಾನ್ಯವಾಗಿ ಅಲ್ಲಿಂದ ಮುಂದಕ್ಕೆ ಲಾಗೂ. ಸಂವಿಧಾನದ 141ನೇ ವಿಧಿ ಸುಪ್ರೀಂ ಕೋರ್ಟ್ 'ಘೋಷಿಸಿದ' ಕಾನೂನು ಎಲ್ಲ ಕೋರ್ಟುಗಳಿಗೂ ಬದ್ಧ ಅನ್ನುತ್ತದೆ. 'ಮಾಡಿದ' ಅನ್ನುವುದಿಲ್ಲ. ಅಂದರೆ ಕಾನೂನು ಮೊದಲಿಂದಲೂ ಹೀಗೇ ಇತ್ತು, ನಾವು ಈಗ ಹೇಳುತ್ತಿದ್ದೇವೆ ಅಷ್ಟೆ ಅನ್ನುವ ಲೆಕ್ಕ. ಇನ್ನು ಮುಂದಕ್ಕೆ ಮಾತ್ರ ಅಂತ ಕೋರ್ಟು ಹೇಳುವುದೂ ಉಂಟು, 1967ರ ಗೋಲಕನಾಥ್ ಕೇಸಿನಲ್ಲಿ ಹೇಳಿತ್ತು. ಆದರೆ ಅದು ಅಪರೂಪ.

ನಮ್ಮ ದಾವೆಯಲ್ಲಿ 2022ರಲ್ಲಿ ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆಷ್ಟು ಪಾಲು ಅನ್ನುವ ತೀರ್ಮಾನ, ಆಯಿತು, ಮೂರರಲ್ಲಿ ಒಂದು. (ಅಳೆದು ಗೆರೆ ಎಳೆದು ಕೊಡುವ ಅಂತಿಮ ಡಿಕ್ರಿಯ ನಡಾವಳಿ, ಎಫ್‌ಡಿಪಿ, ಇನ್ನೂ ನಡೆಯುತ್ತಿದೆ. ಅದು ಬೇರೆಯೇ ರಾಮಾಯಣ.) ತೀರ್ಪು ಓದಿದ ದಿನ ಚಿಕ್ಕ ತಮ್ಮ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ. "ಸಾರ್, 2005ರಿಂದಲೂ ಇದೇ ಕಾನೂನು ಅಂದ್ರೆ, 2015ರಲ್ಲಿ ಅದೇ ಕೋರ್ಟು ಹೇಳಿದ್ದೇನು? ಅದನ್ನ ನಂಬ್ಕೊಂಡಲ್ವಾ ನಾವು ರಾಜಿಗೆ ಒಪ್ಪದೇ ಕೂತಿದ್ದು?"

ಎದುರು ಪಾರ್ಟಿ ಜೊತೆ ಕೇಸಿನ ವಿಷಯ ಮಾತಾಡುವ ಹಾಗಿಲ್ಲ. ನಿಮ್ಮ ವಕೀಲರನ್ನು ಕೇಳಿ ಅಂತ ಹೇಳಿ ಮೆಟ್ಟಿಲಿಳಿದೆ.