ಕೊರಿಯನ್‌ನಲ್ಲಿ ಫೋನ್ ಮಾತು: ಇಂಗ್ಲಿಷ್ ಬಿಡಿ, ಕನ್ನಡದಿಂದ ಹೋಗಿ

ಪ್ರಶ್ನೆ: ನಾನು ದಾವಣಗೆರೆಯವಳು. ಒಂದೂವರೆ ವರ್ಷದಿಂದ ಕೊರಿಯನ್ ಕಲಿಯುತ್ತಿದ್ದೇನೆ. ಮಾರ್ಚ್‌ನಲ್ಲಿ ಓದಲು ದಕ್ಷಿಣ ಕೊರಿಯಾದ ದೇಜೊನ್‌ಗೆ ಹೊರಟಿದ್ದೇನೆ. ಓದೋದು, ಬರೆಯೋದು ಪರವಾಗಿಲ್ಲ. ಆದರೆ ಫೋನ್ ಅಂದರೆ ಬಾಯಿ ಕಟ್ಟಿಬಿಡುತ್ತದೆ. ‘ಫೋನ್ ಬಂತು’, ‘ಎತ್ತಲಿಲ್ಲ’, ‘ಕಟ್ ಆಯ್ತು’ ಇವನ್ನೆಲ್ಲ ಹೇಗೆ ಹೇಳೋದು? ರೂಮ್ ಕೇಳೋಕೆ ಫೋನ್ ಮಾಡಿದರೆ ಮೊದಲ ಮಾತು ಏನಿರಬೇಕು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಫೋನ್‌ನಲ್ಲಿ ಮಾತಾಡಲು ಹೆದರುವವರು ಕೊರಿಯಾದಲ್ಲೂ ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಅವರು ‘ಖೋಲ್ ಫೋಬಿಯಾ’ ಅಂತ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಎದುರಿಗೆ ಮುಖ ಇಲ್ಲ, ಕೈಸನ್ನೆ ಇಲ್ಲ, ಬರೀ ಮಾತಿನ ಮೇಲೆ ನಿಲ್ಲಬೇಕು. ಕಷ್ಟವೇ.

ಆದರೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಆಸರೆ ಇದೆ, ಅದು ಕನ್ನಡ. ನಾವೆಲ್ಲ ಕೊರಿಯನ್ ಕಲಿಯೋದು ಇಂಗ್ಲಿಷ್ ಪುಸ್ತಕದಿಂದ. ಹಾಗಾಗಿ ಹೇಳಬೇಕಾದ್ದನ್ನು ಮೊದಲು ಇಂಗ್ಲಿಷ್‌ಗೆ ತಿರುಗಿಸಿ, ಆಮೇಲೆ ಕೊರಿಯನ್‌ಗೆ ತರುತ್ತೇವೆ. ಈ ಸುತ್ತು ದಾರಿ ಯಾಕೆ ಬೇಕು? ನೋಡಿ: ‘ಜೊನ್ಹ್ವಾ’ ಅಂದರೆ ಫೋನ್. ‘ಜೊನ್ಹ್ವಾಗಾ ವಾಸ್ಸೊಯೊ’ ಅಂದರೆ ‘ಫೋನ್ ಬಂತು’. ‘ವಾಸ್ಸೊಯೊ’ ನಿಜವಾಗಿ ‘ಬಂತು’ ಅನ್ನುವ ಪದವೇ, ಬಸ್ ಬಂದರೂ ಮಳೆ ಬಂದರೂ ಅದೇ. ‘ಒಮ್ಮಾಹಂಥೆಸೊ ಜೊನ್ಹ್ವಾಗಾ ವಾಸ್ಸೊಯೊ’: ಅಮ್ಮನಿಂದ ಫೋನ್ ಬಂತು. ‘ಛಿನ್‌ಗುಹಂಥೆ ಜೊನ್ಹ್ವಾಹೆಸ್ಸೊಯೊ’: ಗೆಳತಿಗೆ ಫೋನ್ ಮಾಡಿದೆ. ಪದದ ಸಾಲು ಕದಲಲೇ ಇಲ್ಲ, ಅಲ್ವಾ? ನಮ್ಮ ‘-ಗೆ’ ಇರುವ ಕಡೆ ‘ಹಂಥೆ’, ‘-ಇಂದ’ ಇರುವ ಕಡೆ ‘ಹಂಥೆಸೊ’, ಕ್ರಿಯಾಪದ ಕೊನೆಗೆ.

ಫೋನ್ ಮಾಡೋದಕ್ಕೆ ಇನ್ನೊಂದು ಪದ ‘ಗೊಲ್ದಾ’. ಇದರಲ್ಲೇ ನನ್ನ ವಿದ್ಯಾರ್ಥಿಗಳು ಜಾಸ್ತಿ ಎಡವುತ್ತಾರೆ. ಅದರ ಮೂಲ ಅರ್ಥ ನೇತುಹಾಕು, ಅಂಗಿಯನ್ನು ಮೊಳೆಗೆ ಹಾಕಿದ ಹಾಗೆ. ಇಂಗ್ಲಿಷ್‌ನಲ್ಲಿ ಫೋನ್ ಇಡೋದಕ್ಕೆ ‘ಹ್ಯಾಂಗ್ ಅಪ್’ ಅನ್ನುತ್ತಾರಲ್ಲ, ಅದು ತಲೆಯಲ್ಲಿ ಕೂತಿರುತ್ತದೆ. ‘ಗೊಲ್ದಾ’ ಅಂದರೆ ಇಡೋದು ಅಂದುಕೊಂಡುಬಿಡುತ್ತಾರೆ. ಪೂರಾ ಉಲ್ಟಾ. ‘ಅವನಿಗೊಂದು ಫೋನ್ ಹಾಕು’ ಅನ್ನುತ್ತೇವಲ್ಲ, ಆ ‘ಹಾಕು’ ಇದು. ಇಡೋದಕ್ಕೆ ‘ಕ್ಕುಂಥಾ’, ಅಂದರೆ ಕತ್ತರಿಸು. ನಮ್ಮ ‘ಕಟ್ ಮಾಡು’ ಇದ್ದ ಹಾಗೇ ಇದೆ. ತಾನಾಗಿಯೇ ಕಟ್ ಆದರೆ ‘ಕ್ಕುನ್‌ಖ್ಯೊಸ್ಸೊಯೊ’. ಎತ್ತೋದಕ್ಕೆ ‘ಬಾತ್ತಾ’, ತೆಗೆದುಕೊಳ್ಳು ಅಂತ. ‘ಬೇರೆ ಕಾಲ್‌ನಲ್ಲಿದ್ದಾರೆ’ ಅನ್ನೋದಕ್ಕೆ ‘ಥೋಂಗ್ಹ್ವಾ ಜುಂಗ್’, ಮಿಸ್ಡ್ ಕಾಲ್‌ಗೆ ‘ಬುಜೆಜುಂಗ್ ಜೊನ್ಹ್ವಾ’. ಇವೆರಡನ್ನು ಸುಮ್ನೆ ಬಾಯಿಪಾಠ ಮಾಡಿ.

ಫೋನ್ ಎತ್ತಿದ ಕೂಡಲೇ ಕೇಳುವ ‘ಯೊಬೊಸೆಯೊ’ ನಿಮಗೆ ಗೊತ್ತೇ ಇರುತ್ತದೆ. ‘ಇಲ್ಲಿ ನೋಡಿ’ ಅನ್ನುವ ಮಾತಿನಿಂದ ಬಂದದ್ದು. ಅದರ ಮೊದಲರ್ಧ ‘ಯೊಬೊ’, ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವ ಪದ. ನಮ್ಮ ಮನೆಗಳ ‘ರೀ, ಇಲ್ನೋಡಿ’ ನೆನಪಾಗುತ್ತದೆ ನನಗೆ. ಎದುರಿಗೆ ಸಿಕ್ಕವರಿಗೆ ನಮಸ್ಕಾರದ ಹಾಗೆ ಇದನ್ನು ಹೇಳಬೇಡಿ, ಅಲ್ಲಿಗೆ ‘ಆನ್ಯೊಂಗ್ಹಾಸೆಯೊ’ ಬೇಕು.

ಈಗ ರೂಮ್ ವಿಷಯ. ಆ ಕಡೆಯವರು ‘ಯೊಬೊಸೆಯೊ’ ಅಂದ ಮೇಲೆ ನೀವು ಹೀಗೆ ಹೇಳಿ: ‘ಆನ್ಯೊಂಗ್ಹಾಸೆಯೊ, ಬಾಂಗ್ ಬೊಗೊ ಜೊನ್ಹ್ವಾದುರ್ಯೊನ್ನುಂದೆಯೊ.’ ರೂಮ್ ನೋಡಿ ಫೋನ್ ಮಾಡಿದ್ದೆ… ಅಂತ. ಕೊನೆಯ ‘ನುಂದೆಯೊ’ ಇದೆಯಲ್ಲ, ಅದು ಮಾತನ್ನು ಅರ್ಧಕ್ಕೆ ಬಿಟ್ಟು ಆ ಕಡೆಯವರಿಗೆ ಜಾಗ ಕೊಡುತ್ತದೆ. ನಾವೂ ‘ಫೋನ್ ಮಾಡಿದ್ದೆ’ ಅಂತ ರಾಗ ಎಳೆದು ನಿಲ್ಲಿಸುತ್ತೇವಲ್ಲ, ಹಾಗೆ. ಅವರು ‘ನೇ, ಮಾಲ್ಸ್ಸುಮ್ಹಾಸೆಯೊ’ ಅನ್ನಬಹುದು. ‘ಹಾಂ, ಹೇಳಿ’ ಅಂತ ಅರ್ಥ. ಅಲ್ಲಿಂದ ಬಾಡಿಗೆ, ಜಾಗ ಎಲ್ಲ ಕೇಳಬಹುದು. ‘ನೇ’ ಅಂದರೆ ಹೌದು. ಫೋನ್‌ನಲ್ಲಿ ಅದು ‘ದೇ’ ಅಂತ ಕೇಳಿಸಿದರೆ ಗಾಬರಿ ಬೇಡ.

ಕನ್ನಡ ಕೈಕೊಡುವ ಜಾಗವೂ ಇದೆ, ಅಲ್ಲಿ ಹುಷಾರಾಗಿರಿ. ನಾವು ಎದುರಿನವರಿಗೆ ಮರ್ಯಾದೆ ಕೊಟ್ಟರೆ ಸಾಕು. ಕೊರಿಯನ್‌ನಲ್ಲಿ ನಮ್ಮ ಕೆಲಸವನ್ನು ನಾವೇ ಸ್ವಲ್ಪ ಕೆಳಗಿಟ್ಟು ಹೇಳಬೇಕು. ‘ನಾನು ಫೋನ್ ಮಾಡ್ತೀನಿ’ ಅನ್ನಲು ‘ಜೊನ್ಹ್ವಾ ದುರಿಲ್‌ಕ್ಕೆಯೊ’. ಇಲ್ಲಿರುವ ‘ದುರಿದಾ’ ಅಂದರೆ ದೊಡ್ಡವರಿಗೆ ಕೊಡು. ‘ನೀವು ಫೋನ್ ಮಾಡಿ’ ಅನ್ನಲು ‘ಜೊನ್ಹ್ವಾ ಜುಸೆಯೊ’. ಇವೆರಡನ್ನು ಅದಲುಬದಲು ಮಾಡಬಾರದು. ಹಾಗೆಯೇ ‘ಇದ್ದಾನಾ’, ‘ಇದ್ದಾರಾ’ ಅನ್ನುವ ವ್ಯತ್ಯಾಸ ಅಲ್ಲೂ ಇದೆ: ‘ಇಸ್ಸೊಯೊ?’, ‘ಗೇಸೆಯೊ?’ ಅಂತ. ಆದರೆ ‘ನೀವು’ ಅನ್ನುವ ಪದ ಹುಡುಕಲು ಹೋಗಬೇಡಿ. ಪುಸ್ತಕದಲ್ಲಿರುವ ‘ದಾಂಗ್‌ಶಿನ್’ ಅಪರಿಚಿತರಿಗೆ ಬಳಸಿದರೆ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ. ಮನೆ ತೋರಿಸುವವರಿಗೆ ‘ಸಾಜಾಂಗ್‌ನಿಮ್’ ಅನ್ನಿ, ನಾವು ‘ಸರ್’ ಅನ್ನುವ ಹಾಗೆ.

ಅರ್ಥವಾಗದಿದ್ದರೆ ಸುಮ್ಮನಾಗಬೇಡಿ. ‘ಜಾಲ್ ಆನ್ ದುಲ್ಲ್ಯೊಯೊ’ ಅಂದರೆ ‘ಸರಿಯಾಗಿ ಕೇಳಿಸ್ತಿಲ್ಲ’. ‘ಕೇಳು’ ಬೇರೆ ‘ಕೇಳಿಸು’ ಬೇರೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೂ ಅದು ಎರಡು ಪದ. ‘ಛೊನ್‌ಛೊನಿ ಮಾಲ್ಸ್ಸುಮ್ಹೆ ಜುಸೆಯೊ’ ಅಂದರೆ ನಿಧಾನವಾಗಿ ಹೇಳಿ. ಇವೆರಡನ್ನು ಚೀಟಿಯಲ್ಲಿ ಬರೆದು ಫೋನ್ ಪಕ್ಕ ಇಟ್ಟುಕೊಂಡರೂ ತಪ್ಪೇನಿಲ್ಲ.

ಪ್ರಶ್ನೆ: ಫೋನ್ ನಂಬರ್ ಹೇಳುವಾಗ ಕೊರಿಯನ್ನರು ಯಾವ ಎಣಿಕೆ ಬಳಸುತ್ತಾರೆ? ‘ಹಾನಾ, ದುಲ್’ ಅಥವಾ ‘ಇಲ್, ಇ’? ಎರಡೂ ‘ಒಂದು, ಎರಡು’ ಅಂತಲೇ ಅಲ್ವಾ?

ಉತ್ತರ: ‘ಇಲ್, ಇ, ಸಾಮ್, ಸಾ’. ಸೊನ್ನೆಗೆ ‘ಗೋಂಗ್’. ಮೊಬೈಲ್ ನಂಬರ್ 010ರಿಂದ ಶುರುವಾಗುತ್ತದೆ, ಅದನ್ನು ‘ಗೋಂಗ್ ಇಲ್ ಗೋಂಗ್’ ಅನ್ನುತ್ತಾರೆ. ಆಮೇಲೆ ನಾಲ್ಕು, ಮತ್ತೆ ನಾಲ್ಕು ಅಂಕಿ. ನಮ್ಮ ಹಾಗೆ ಐದೈದು ಸೇರಿಸಿ ಹೇಳಿದರೆ ಕೇಳುವವರಿಗೆ ತಾಳ ತಪ್ಪುತ್ತದೆ. ಊರಿಂದ ಮನೆಯವರು ಫೋನ್ ಮಾಡುವಾಗ +82 ಹಾಕಿ, ಮೊದಲ ಸೊನ್ನೆ ಬಿಡಬೇಕು. ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ ಅನ್ನೋದನ್ನೂ ಅಮ್ಮನಿಗೆ ಹೇಳಿಡಿ.

‘ಇಲ್’ ಮತ್ತು ‘ಇ’ ಫೋನ್‌ನಲ್ಲಿ ಒಂದೇ ಥರ ಕೇಳಿಸುತ್ತವೆ. ದೇಜೊನ್‌ನಲ್ಲಿ ಒಮ್ಮೆ ಪಾರ್ಸೆಲ್ ಕಳಿಸಲು ಹೋಗಿ ನನ್ನ ನಂಬರ್ ಹೇಳಿದೆ. ಕೌಂಟರ್‌ನಲ್ಲಿದ್ದ ಹುಡುಗ ಒಂದನ್ನು ಎರಡು ಅಂತ ಬರೆದುಕೊಂಡ. ನಾನು ಮತ್ತೆ ‘ಇಲ್’ ಅಂದೆ, ಅವನು ಮತ್ತೆ ‘ಇ?’ ಅಂದ. ಹಿಂದೆ ಸಾಲಿನಲ್ಲಿ ನಿಂತಿದ್ದ ಹಿರಿಯ ಹೆಂಗಸು ಒಂದು ಬೆರಳೆತ್ತಿ ನನ್ನನ್ನು ಕೇಳಿದರು: ‘ಹಾನಾ?’ ನಾನು ‘ನೇ, ಹಾನಾ’ ಅಂದೆ. ಹುಡುಗ ತಿದ್ದಿಕೊಂಡ. ಕೊರಿಯನ್ನರೂ ಅನುಮಾನ ಬಂದಾಗ ಹೀಗೇ ‘ಹಾನಾ, ದುಲ್’ಗೆ ಇಳಿಯುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಮೂರು ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ: ಪೊಲೀಸ್ 112, ಬೆಂಕಿ ಮತ್ತು ಆಂಬ್ಯುಲೆನ್ಸ್ 119, ವೀಸಾ ವಿಷಯಕ್ಕೆ ವಿದೇಶಿಯರ ಸಹಾಯವಾಣಿ 1345. ಕೊನೆಯದರಲ್ಲಿ ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಆದರೂ ಮೊದಲ ವಾಕ್ಯ ಕೊರಿಯನ್‌ನಲ್ಲೇ ಹೇಳಿ ನೋಡಿ.